ಸಕ್ಷನ್ ಪೈಪು, ಡೆಲಿವರಿ ಪೈಪು ಮತ್ತು ಅಟ್ಟ ಸೇರಿದ ಮೆಷಿನ್

(ಹಾಸನದಲ್ಲಿ ನಿವೃತ್ತ ನೌಕರರ ಒಂದು ಸಭೆಯಲ್ಲಿ ಆಡಿದ ಮಾತು. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಭಾಷಣವನ್ನು ಊಟಕ್ಕೆ ಮುಂಚೆ ಇಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್ ಹೇಳಬೇಕು. ಊಟ ಆದ ಮೇಲೆ ನಿದ್ದೆಯ ಬಗ್ಗೆ ಮಾತಾಡಲು ನಿಂತಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಂತ ನಿಮಗೇ ಗೊತ್ತು.

ಚೀಲದಲ್ಲಿ ಮೂರು ಸಾಮಾನು ತಂದಿದ್ದೇನೆ. ಒಂದು ತುಂಡು ಹಸಿರು ಸಕ್ಷನ್ ಪೈಪು. ಒಂದು ತುಂಡು ನೀಲಿ ಡೆಲಿವರಿ ಪೈಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡನ್ನೂ ಅರ್ಧರ್ಧ ಅಡಿ ಕೊಡಿ ಅಂದೆ. ಅಂಗಡಿಯವರು ನನ್ನ ಮುಖವನ್ನೇ ನೋಡಿದರು, ಆಮೇಲೆ ದುಡ್ಡು ಬೇಡ ಅಂದರು. ಮೂರನೆಯದು ನಾನು ದಿನಾ ರಾತ್ರಿ ಮುಖಕ್ಕೆ ಕಟ್ಟಿಕೊಂಡು ಮಲಗುವ ಮಾಸ್ಕು. ನಾನು ಎದೆ ರೋಗಗಳ ಡಾಕ್ಟರು. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ, ಅದರ ರೋಗಿಯೂ ಹೌದು. ಒಂಬತ್ತು ವರ್ಷ ಆಯಿತು.

ಮೊದಲು ಪೈಪು. ಹೊಳೆಗೋ ಬಾವಿಗೋ ಎಂಜಿನ್ ಇಟ್ಟು ನೀರೆತ್ತಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ನೀರು ಎಳೆಯುವ ಕಡೆ ಹಾಕುವ ಪೈಪಿನ ಗೋಡೆಯಲ್ಲಿ ಗಟ್ಟಿ ಸುರುಳಿ ಇರುತ್ತದೆ, ನೋಡಿ, ಬೆರಳಿಗೆ ಸಿಗುತ್ತದೆ. ನೀರು ಹೊರಗೆ ಹೋಗುವ ಕಡೆ ಈ ಮೆತ್ತನೆ ಪೈಪು ಸಾಕು. ಕೆಲಸ ಮುಗಿದರೆ ಚಾಪೆ ಥರ ಸುತ್ತಿ ಇಡಬಹುದು. ಮೆತ್ತನೆ ಪೈಪನ್ನು ಎಳೆಯುವ ಕಡೆ ಹಾಕಿದರೆ ಏನಾಗುತ್ತದೆ? ಒಳಕ್ಕೆ ಕುಸಿದು ಅಂಟಿಕೊಳ್ಳುತ್ತದೆ, ನೀರು ಬರಲ್ಲ. ಅದೇ ಪೈಪಿಗೆ ಒಳಗಿನಿಂದ ಒತ್ತಡ ಬಿದ್ದರೆ ಉಬ್ಬಿ ನಿಲ್ಲುತ್ತದೆ.

ನಾವು ಉಸಿರು ಎಳೆದುಕೊಳ್ಳುವಾಗ ನಮ್ಮ ಗಂಟಲು ಸಕ್ಷನ್ ಪೈಪು. ಮೇಲೆ ಮೂಗಿಗೆ ಮೂಳೆಯ ಆಸರೆ ಇದೆ. ಕೆಳಗೆ ಶ್ವಾಸನಾಳಕ್ಕೆ ಮೆತ್ತೆಲುಬಿನ ಬಳೆಗಳಿವೆ, ಅದೇ ಅದರ ಸುರುಳಿ. ನಡುವೆ, ಕಿರುನಾಲಗೆಯ ಹಿಂದಿನಿಂದ ಧ್ವನಿಪೆಟ್ಟಿಗೆಯ ತನಕ, ಕೆಲವು ಇಂಚು ಬರೀ ಮಾಂಸ. ಎಚ್ಚರ ಇದ್ದಾಗ ಸ್ನಾಯುಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ನಿದ್ದೆ ಬಂದರೆ ಹಿಡಿತ ಸಡಿಲ. ಅಂಗಾತ ಮಲಗಿದರೆ ನಾಲಗೆಯ ಬುಡವೂ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದರೆ ಮಾಂಸ ಅದುರಿ ಸದ್ದು ಬರುತ್ತದೆ, ಅದು ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೇ ನಿಲ್ಲುತ್ತದೆ. ಎದೆ, ಹೊಟ್ಟೆ ಎದ್ದು ಬೀಳುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗಲ್ಲ. 10 ಸೆಕೆಂಡು ಮೀರಿದರೆ ಅದನ್ನು ಒಂದು ಆಪ್ನಿಯಾ ಅಂತ ಲೆಕ್ಕ ಹಿಡಿಯುತ್ತಾರೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ. ಗಂಟಲು ತೆರೆದು 'ಗೊರ್ರ್' ಅಂತ ಒಂದು ದೊಡ್ಡ ಉಸಿರು. ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ನಿಮಗೆ ಒಂದೂ ನೆನಪಿರಲ್ಲ. 'ಚೆನ್ನಾಗಿ ನಿದ್ದೆ ಮಾಡ್ತೀನಿ ಡಾಕ್ಟ್ರೇ, ತಲೆ ಇಟ್ಟರೆ ಸಾಕು' ಅಂತಲೇ ಎಲ್ಲರೂ ಹೇಳುವುದು.

ಹಾಗಾಗಿ ಈ ಕಾಯಿಲೆಯನ್ನು ಮೊದಲು ಹಿಡಿಯುವವರು ಪಕ್ಕದಲ್ಲಿ ಮಲಗಿದವರು. ನನ್ನದನ್ನು ಹಿಡಿದದ್ದು ನನ್ನ ಹೆಂಡತಿ. ಎರಡು ವರ್ಷ ಹೇಳಿದಳು, ನಾನು ಕೇಳಲಿಲ್ಲ. ನಾನು ಡಾಕ್ಟರು, ಅಲ್ವಾ. ಕೊನೆಗೆ ಒಂದು ರಾತ್ರಿ ಮೊಬೈಲಿನಲ್ಲಿ ವಿಡಿಯೋ ಮಾಡಿ, ಬೆಳಿಗ್ಗೆ ಕಾಫಿ ಜೊತೆ ಮುಂದಿಟ್ಟಳು. ಗೊರಕೆ ನಿಂತಲ್ಲಿಂದ ಮತ್ತೆ ಶುರುವಾಗುವ ತನಕ 34 ಸೆಕೆಂಡು. ನೀವೂ ಈಗ ಉಸಿರು ಬಿಗಿ ಹಿಡಿದು 34 ಎಣಿಸಿ ನೋಡಿ. ಆ ವಿಡಿಯೋದಲ್ಲಿ ಕೊನೆಗೆ ಅವಳ ಕೈ ಕಾಣುತ್ತದೆ. ನನ್ನ ಭುಜ ಅಲುಗಿಸುತ್ತಿದ್ದಾಳೆ.

ಆದರೂ ಒಂದು ತಿಂಗಳು ತಳ್ಳಿದೆ. ಒಂದು ದಿನ ಮಧ್ಯಾಹ್ನ ರೈಲ್ವೆ ಗೇಟಿನಲ್ಲಿ ಕಾರು ನಿಲ್ಲಿಸಿದ್ದೆ. ಯಾರೋ ಗಾಜು ತಟ್ಟಿದರು. ರೈಲು ಹೋಗಿ, ಗೇಟು ತೆಗೆದು, ಹಿಂದಿನ ಗಾಡಿಗಳೆಲ್ಲ ನನ್ನನ್ನು ಸುತ್ತಿಹಾಕಿ ಹೋಗಿದ್ದವು. ಎಂಜಿನ್ ಆನ್ ಇತ್ತು, ಕಾಲು ಬ್ರೇಕಿನ ಮೇಲೆ. ಆ ಕಾಲು ಸಡಿಲವಾಗಿದ್ದರೆ? ಆವತ್ತು ಸಂಜೆಯೇ ಟೆಸ್ಟಿಗೆ ದಿನ ಗೊತ್ತು ಮಾಡಿದೆ.

ಯಾರು ಅನುಮಾನ ಪಡಬೇಕು? ಕೆಲವು ಗುರುತು ಹೇಳುತ್ತೇನೆ. ಜೋರು ಗೊರಕೆ, ಹಗಲು ತೂಕಡಿಕೆ, ಮಲಗಿದಾಗ ಉಸಿರು ನಿಲ್ಲುವುದನ್ನು ಬೇರೆಯವರು ನೋಡಿರುವುದು, ಬಿಪಿ. ಇದರ ಜೊತೆಗೆ ಬೊಜ್ಜು, 50 ದಾಟಿದ ವಯಸ್ಸು, ಗಂಡಸು, ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರಿಗಿಂತ ಜಾಸ್ತಿ. ಈ ಎಂಟರಲ್ಲಿ ಮೂರು ಸೇರಿದರೆ ಡಾಕ್ಟರಿಗೆ ಹೇಳಿ. ಕುತ್ತಿಗೆಗೆ ಟೇಪು ಹುಡುಕಬೇಡಿ. ಎಷ್ಟೋ ಫಾರ್ಮಲ್ ಶರ್ಟಿನ 40, 42 ಅನ್ನುವ ಸೈಜು ಕಾಲರಿನ ಸೆಂಟಿಮೀಟರೇ.

ಇನ್ನು ಕೆಲವು ಗುರುತುಗಳನ್ನು ನಾವು ಬೇರೆ ಲೆಕ್ಕಕ್ಕೆ ಬರೆದುಬಿಡುತ್ತೇವೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು ಅದರಲ್ಲೊಂದು. ಶುಗರ್ ಇರಬೇಕು, ಪ್ರಾಸ್ಟೇಟ್ ಇರಬೇಕು ಅಂತ ಓಡಾಡುತ್ತಾರೆ. ಇರಲೂಬಹುದು. ಆದರೆ ಗಂಟಲು ಮುಚ್ಚಿ ಎದೆ ಜೋರಾಗಿ ಎಳೆದಾಗ ಹೃದಯ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಅಂತ ಅದು ತಪ್ಪು ತಿಳಿಯುತ್ತದೆ, ಹೊರಗೆ ಹಾಕು ಅಂತ ಮೂತ್ರಪಿಂಡಕ್ಕೆ ಹಾರ್ಮೋನ್ ಮೂಲಕ ಹೇಳಿ ಕಳಿಸುತ್ತದೆ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ಮೂರು ಮಾತ್ರೆ ನುಂಗಿದರೂ ಇಳಿಯದ ಬಿಪಿ, ಇವೂ ಅಷ್ಟೇ. ಹೆಂಗಸರಲ್ಲಿ ಗೊರಕೆಯ ದೂರಿಗಿಂತ ಸುಸ್ತು, ನಿದ್ದೆ ಬರಲ್ಲ ಅನ್ನುವ ದೂರೇ ಜಾಸ್ತಿ. ಮುಟ್ಟು ನಿಂತ ಮೇಲೆ ಅವರಲ್ಲೂ ಇದು ಹೆಚ್ಚುತ್ತದೆ. 'ಮನೆ ಕೆಲಸ, ವಯಸ್ಸಾಯ್ತು' ಅಂತ ಸುಮ್ಮನಾಗಿಬಿಡುತ್ತಾರೆ. ಮನೆಯವರೂ ಸುಮ್ಮನಿರುತ್ತಾರೆ.

ತೆಳ್ಳಗಿರುವವರೇ, ನೀವೂ ನೆಮ್ಮದಿಯಾಗಿ ಕೂರಬೇಡಿ. ದವಡೆ ಚಿಕ್ಕದಿದ್ದರೆ, ಗಲ್ಲ ಹಿಂದೆ ಇದ್ದರೆ ಒಳಗಿನ ದಾರಿ ಮೊದಲೇ ಕಿರಿದು. ನಮ್ಮ ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಈ ಕಾಯಿಲೆ ಬರುವುದಕ್ಕೆ ಅದೂ ಒಂದು ಕಾರಣ. ದೆಹಲಿಯ ಏಮ್ಸ್ ವೈದ್ಯರು ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ 2023ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಭಾರತದ ವಯಸ್ಕರಲ್ಲಿ ಶೇಕಡಾ 11 ಮಂದಿಗೆ ಸ್ಲೀಪ್ ಆಪ್ನಿಯಾ ಇದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ಆಸ್ಪತ್ರೆಯವರು ಈ ಹೆಸರು ಹೇಳಿದ್ದರು. ಮುಂದಿನ ವಾರ ನನ್ನ ಕ್ಲಿನಿಕ್ಕಿಗೆ ಬಂದವರಲ್ಲಿ ಅರ್ಧ ಜನ ಹೆಂಡತಿಯರು ಎಳೆದುಕೊಂಡು ಬಂದ ಗಂಡಂದಿರು.

ಟೆಸ್ಟು ಅಂದರೆ ಒಂದು ರಾತ್ರಿ ಮಲಗುವುದು, ಅಷ್ಟೇ. ತಲೆಗೆ ಅಂಟು ಹಚ್ಚಿ ವೈರು ಅಂಟಿಸುತ್ತಾರೆ. ಎದೆಗೊಂದು ಹೊಟ್ಟೆಗೊಂದು ಬೆಲ್ಟು, ಮೂಗಿನ ಹತ್ತಿರ ಸಣ್ಣ ಟ್ಯೂಬು, ಬೆರಳಿಗೆ ಕ್ಲಿಪ್ಪು. ಕನ್ನಡಿಯಲ್ಲಿ ನೋಡಿಕೊಂಡರೆ ಟೆಲಿಫೋನ್ ಎಕ್ಸ್‌ಚೇಂಜ್ ಥರ ಕಾಣುತ್ತೀರಿ. 'ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಎಲ್ಲಿ ಬರುತ್ತೆ?' ಅಂತ ಎಲ್ಲರೂ ಕೇಳುತ್ತಾರೆ. ಈ ಕಾಯಿಲೆ ಇದ್ದವರಿಗೆ ಬರುತ್ತೆ, ಚಿಂತೆ ಬೇಡ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಟೆಸ್ಟೂ ಇದೆ. ಅದರಲ್ಲಿ ಮೆದುಳಿನ ವೈರು ಇರಲ್ಲ. ನೀವು ಎಚ್ಚರ ಇದ್ದ ಹೊತ್ತನ್ನೂ ಅದು ನಿದ್ದೆಯ ಲೆಕ್ಕಕ್ಕೆ ಹಾಕಿಬಿಡುತ್ತದೆ, ಹಾಗಾಗಿ ಕಾಯಿಲೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಬೇರೆ ಕಾಯಿಲೆ ಜಾಸ್ತಿ ಇಲ್ಲದವರಿಗೆ ಅಷ್ಟು ಸಾಕು. ಗೊಂದಲದ ಕೇಸುಗಳಿಗೆ ಲ್ಯಾಬೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ದೆಯ ತೊಂದರೆ ನೋಡುವ ವ್ಯವಸ್ಥೆ ಇದೆ.

ರಿಪೋರ್ಟಿನಲ್ಲಿ ನೀವು ನೋಡಬೇಕಾದ ಅಂಕಿ ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಅರೆಬರೆ ಆಯಿತು ಅನ್ನುವ ಲೆಕ್ಕ. 5ರ ಒಳಗಿದ್ದರೆ ತೊಂದರೆ ಇಲ್ಲ. 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನ್ನದು 42. ಆರೂವರೆ ಗಂಟೆ ಮಲಗಿದ್ದೆ. ಗುಣಿಸಿದರೆ 273. ಒಂದೇ ರಾತ್ರಿಯಲ್ಲಿ.

ಈಗ ಚಿಕಿತ್ಸೆ. ಅದಕ್ಕೆ ಮೊದಲು ಒಂದು ಚಿಕ್ಕ ಕಥೆ, ನನಗೆ ತುಂಬ ಇಷ್ಟವಾದದ್ದು.

1980ರ ತನಕ ತೀವ್ರ ಆಪ್ನಿಯಾಕ್ಕೆ ಇದ್ದ ಖಾತ್ರಿ ಚಿಕಿತ್ಸೆ ಒಂದೇ, ಗಂಟಲಿನ ಮುಂದೆ ತೂತು ಮಾಡುವುದು. ಮುಚ್ಚಿಕೊಳ್ಳುವ ಜಾಗವನ್ನೇ ಬಿಟ್ಟು ಕೆಳಗಿನಿಂದ ಉಸಿರಾಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸುಲಿವನ್ ಅನ್ನುವ ವೈದ್ಯರಿದ್ದರು. ನಿದ್ದೆಯಲ್ಲಿ ನಾಯಿಗಳು ಹೇಗೆ ಉಸಿರಾಡುತ್ತವೆ ಅಂತ ಅಭ್ಯಾಸ ಮಾಡಿದ್ದವರು, ನಾಯಿ ಮೂತಿಗೆ ಮಾಸ್ಕ್ ಮಾಡಿ ಗೊತ್ತಿತ್ತು. ಅವರ ಹತ್ತಿರ ಬಂದ ಒಬ್ಬ ರೋಗಿ ಗಂಟಲು ಕೊಯ್ಯಿಸಿಕೊಳ್ಳಲು ಒಪ್ಪಲಿಲ್ಲ. ಬೇರೆ ಏನಾದರೂ ಮಾಡಿ, ನೋಡೋಣ ಅಂದ. ಸುಲಿವನ್ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ತೆಗೆದುಕೊಂಡರು. ಕಸ ಎಳೆಯುವ ಮೋಟಾರಿನಿಂದ ಗಾಳಿ ಊದಿಸಿದರು. ಮೂಗಿನ ಅಚ್ಚು ತೆಗೆದು ಮಾಸ್ಕು, ಸುತ್ತ ಗಾಳಿ ಸೋರದಂತೆ ಸಿಲಿಕೋನ್ ಅಂಟು. ರಾತ್ರಿ ಪೂರ್ತಿ ಆ ಮನುಷ್ಯನ ಗಂಟಲು ಮುಚ್ಚಲಿಲ್ಲ. 1981ರಲ್ಲಿ ಐದು ರೋಗಿಗಳ ವಿವರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಗಾಳಿ ಊದಿ ಗಂಟಲು ಮುಚ್ಚದಂತೆ ಹಿಡಿಯುವ ಮೆಷಿನ್, ಹುಟ್ಟಿದ್ದು ಹೀಗೆ.

ಅಂದರೆ ಸುಲಿವನ್ ಮಾಡಿದ್ದು ಇಷ್ಟೇ: ಸಕ್ಷನ್ ಪೈಪನ್ನು ಡೆಲಿವರಿ ಪೈಪು ಮಾಡಿದರು. ಮೂಗಿನಿಂದ ಸ್ವಲ್ಪ ಒತ್ತಡದ ಗಾಳಿ ಸತತವಾಗಿ ಹೋಗುತ್ತಿದ್ದರೆ ಮೆತ್ತನೆ ಗಂಟಲು ಉಬ್ಬಿ ನಿಲ್ಲುತ್ತದೆ.

ಎಷ್ಟು ಒತ್ತಡ? ನೋಡಿ, ಈ ಲೋಟದಲ್ಲಿ ನೀರಿದೆ. ಸ್ಟ್ರಾ ತುದಿಯನ್ನು 10 ಸೆಂಟಿಮೀಟರ್ ಕೆಳಗೆ ಅದ್ದಿ ಊದುತ್ತೇನೆ. ಗುಳ್ಳೆ ಬಂತು. 10 ಅಂತ ಮೆಷಿನ್ ಮೇಲೆ ಬರೆದಿದ್ದರೆ ಅದು ಇಷ್ಟೇ ಒತ್ತಡ. ಇದರ ಅಳತೆಯೇ ನೀರಿನ ಸೆಂಟಿಮೀಟರು. ಸಾಮಾನ್ಯವಾಗಿ 4ರಿಂದ 20ರ ತನಕ ಮೆಷಿನ್ ಕೊಡುತ್ತದೆ. ಇದರಲ್ಲಿ ಆಕ್ಸಿಜನ್ ಇಲ್ಲ, ಸಿಲಿಂಡರ್ ಇಲ್ಲ. ರೂಮಿನ ಗಾಳಿಯನ್ನೇ ಸೋಸಿ ಊದುತ್ತದೆ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೋವಿಡ್ ಆದ ಮೇಲೆ ಮಾಸ್ಕು, ಟ್ಯೂಬು ಕಂಡರೆ ಅಕ್ಕಪಕ್ಕದವರು 'ಪಾಪ, ಆಕ್ಸಿಜನ್ ಮೇಲಿದ್ದಾರಂತೆ' ಅಂದುಬಿಡುತ್ತಾರೆ. ನನ್ನ ಹತ್ತಿರ ಬರುವ 29ರ ಹುಡುಗನೊಬ್ಬನಿಗೆ ಮದುವೆ ಮಾತು ನಡೆಯುತ್ತಿತ್ತು. ಹುಡುಗಿ ಮನೆಯವರು ಬಂದ ದಿನ ತಾಯಿ ಮೆಷಿನ್ನನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟರು. ಹುಡುಗ ನನಗೆ ಫೋನ್ ಮಾಡಿ ಕೇಳಿದ, 'ಹೇಳಲಾ ಬೇಡವಾ ಸಾರ್?' ಕನ್ನಡಕ ಹಾಕುವುದನ್ನು ಬಚ್ಚಿಡ್ತೀಯಾ ಅಂದೆ. ಹೇಳಿದ. ಮದುವೆ ಆಯಿತು.

ಇನ್ನು ಅಟ್ಟದ ವಿಷಯಕ್ಕೆ ಬರುತ್ತೇನೆ. ಇವತ್ತು ನಾನು ನಿಜವಾಗಿ ಮಾತಾಡಬೇಕು ಅಂದುಕೊಂಡು ಬಂದಿರುವುದು ಇದನ್ನೇ.

ನನ್ನ ಮೆಷಿನ್ ಮನೆಗೆ ಬಂತು. ತಂದವರು ಹತ್ತು ನಿಮಿಷದಲ್ಲಿ ತೋರಿಸಿ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೋದರು. ಮೊದಲ ರಾತ್ರಿ ಮಾಸ್ಕು ಕಟ್ಟಿದೆ. ಮುಖಕ್ಕೆ ಗಾಳಿ ನುಗ್ಗಿತು, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ ಹಾಗೆ. ಕಣ್ಣಿನ ಕಡೆಗೆ ಸೋರಿ ಕಣ್ಣು ಒಣಗಿತು. ಸೋರಬಾರದು ಅಂತ ಪಟ್ಟಿ ಬಿಗಿ ಮಾಡಿದೆ. ಇನ್ನೂ ಸೋರಿತು. ಇನ್ನೂ ಬಿಗಿ ಮಾಡಿದೆ. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಬರೆ. ನಾಲ್ಕನೇ ರಾತ್ರಿ ನಿದ್ದೆಗಣ್ಣಲ್ಲಿ ಕಿತ್ತೆಸೆದಿದ್ದೆ. ಎರಡನೇ ವಾರ ಮೆಷಿನ್ ಪೆಟ್ಟಿಗೆ ಸೇರಿತು, ಪೆಟ್ಟಿಗೆ ಅಟ್ಟ ಸೇರಿತು. ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನ ಪಕ್ಕ ನಾಲ್ಕು ತಿಂಗಳು ಕೂತಿತ್ತು. ಆ ನಾಲ್ಕು ತಿಂಗಳೂ ನಾನು ಕ್ಲಿನಿಕ್ಕಿನಲ್ಲಿ ಬೇರೆಯವರಿಗೆ 'ದಿನಾ ಹಾಕ್ಕೊಳ್ಳಿ' ಅಂತ ಬುದ್ಧಿ ಹೇಳುತ್ತಿದ್ದೆ.

ಕೆಳಗೆ ಇಳಿಸಿದ್ದು ಹೇಗೆ? ಒಬ್ಬ ಹಿರಿಯ ಟೆಕ್ನೀಷಿಯನ್ ನನ್ನ ಮುಖ ನೋಡಿ ಎರಡೇ ಮಾತು ಹೇಳಿದರು. 'ಸಾರ್, ಮಾಸ್ಕು ದೊಡ್ಡದಾಯ್ತು. ಮತ್ತೆ ನೀವು ಕೂತು ಕಟ್ಟಿದ್ದೀರಿ, ಮಲಗಿ ಕಟ್ಟಿ.' ಮಲಗಿದಾಗ ಕೆನ್ನೆಯ ಮಾಂಸ ಇಳಿದು ಮುಖದ ಆಕಾರವೇ ಬದಲಾಗುತ್ತದೆ. ಎಷ್ಟು ವರ್ಷ ಓದಿದ್ದೆ, ಇದು ಹೊಳೆದಿರಲಿಲ್ಲ. ಒಂದು ಸೈಜು ಚಿಕ್ಕ ಮಾಸ್ಕು ತಂದೆ. ಪಟ್ಟಿಯನ್ನು ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟೆ. ಸೋರುವುದು ನಿಂತಿತು. ಬಿಗಿ ಮಾಡಿದಷ್ಟೂ ಸಿಲಿಕೋನ್ ಅಂಚು ಸುಕ್ಕಾಗಿ ಸೋರಿಕೆ ಜಾಸ್ತಿ ಆಗುತ್ತದೆ.

ಹೀಗಾಗಿ ಮೊದಲ ಎರಡು ವಾರ ಮುಖ್ಯ. ಮೆಷಿನ್ ಕೊಂಡ ಎರಡು ವಾರಕ್ಕೇ ಡಾಕ್ಟರನ್ನೋ ಟೆಕ್ನೀಷಿಯನ್ನನ್ನೋ ಮತ್ತೆ ನೋಡಿ. ಮೊದಲ ಮೂರು ದಿನ ಮಲಗಲು ಹಾಕಲೇಬೇಡಿ. ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಕೂತಿರಿ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಮೆಷಿನ್ನಿನಲ್ಲಿ ರ‍್ಯಾಂಪ್ ಅನ್ನುವ ಬಟನ್ ಇರುತ್ತದೆ. ಅದು ಕಡಿಮೆ ಒತ್ತಡದಿಂದ ಶುರು ಮಾಡಿ, ನಿಮಗೆ ನಿದ್ದೆ ಹತ್ತುವಷ್ಟರಲ್ಲಿ ನಿಧಾನ ಏರಿಸುತ್ತದೆ. ಬಾಯಿ ತೆರೆದು ಮಲಗುವವರಿಗೆ ಮೂಗಿನ ಮಾಸ್ಕು ಹೊಂದಲ್ಲ, ಗಾಳಿ ಬಾಯಿಂದ ಹೊರಟು ಹೋಗುತ್ತದೆ, ಬೆಳಿಗ್ಗೆ ನಾಲಗೆ ಒಣಗಿದ ಚಕ್ಕೆ. ಅವರಿಗೆ ಮೂಗು, ಬಾಯಿ ಎರಡನ್ನೂ ಮುಚ್ಚುವುದು ಬೇಕು. ದಪ್ಪ ಮೀಸೆಯವರಿಗೆ ಮೂಗಿನ ಹೊಳ್ಳೆಗೆ ಕೂರುವ ಚಿಕ್ಕ ಪಿಲ್ಲೋ ಮಾಸ್ಕು ಸುಲಭ. ಮೀಸೆ ಬೋಳಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಮತ್ತೆ ಬರುವುದೇ ಇಲ್ಲ.

ಹೆಂಗಸರಿಗೆ ಒಂದು ಮಾತು. ಮೂಗುತಿ. ಮಾಸ್ಕಿನ ಅಂಚು ಅದರ ಮೇಲೆ ಕೂತರೆ ಸೋರುತ್ತದೆ, ಚರ್ಮ ಗಾಯವಾಗುತ್ತದೆ. ಒಬ್ಬ ಅಜ್ಜಿ ಖಡಾಖಂಡಿತವಾಗಿ ತೆಗೆಯಲ್ಲ ಅಂದರು, ಅರವತ್ತು ವರ್ಷದಿಂದ ತೆಗೆದಿಲ್ಲ. ಮೂರು ಮಾಸ್ಕು ಹಾಕಿ ನೋಡಿ, ಮೂಗಿನ ಕೆಳಗಷ್ಟೇ ಕೂರುವ ಒಂದು ಮಾದರಿ ಹೊಂದಿತು. ಇನ್ನೊಂದು, ಎಣ್ಣೆ. ತಲೆಗೆ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಮಾಸ್ಕು ಕಟ್ಟಿದರೆ ರಾತ್ರಿಯೆಲ್ಲ ಜಾರುತ್ತದೆ, ಸಿಲಿಕೋನೂ ಬೇಗ ಹಾಳು. ಎಣ್ಣೆ ಸ್ನಾನ ಬೆಳಿಗ್ಗೆ ಮಾಡಿ, ಮಲಗುವ ಮುಂಚೆ ಮುಖ ತೊಳೆಯಿರಿ.

ಶುಚಿ ಮಾಡುವುದು ಕಷ್ಟ ಏನಲ್ಲ. ಮಾಸ್ಕಿನ ಅಂಚನ್ನು ದಿನಾ ಒರೆಸಿ. ವಾರಕ್ಕೊಮ್ಮೆ ಟ್ಯೂಬು, ಮಾಸ್ಕು ಎರಡನ್ನೂ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನಮ್ಮ ಕೆಂಪು ಧೂಳಿಗೆ ಫಿಲ್ಟರ್ ಬೇಗ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ, ನೋಡಿಕೊಂಡು ಬದಲಿಸಿ. ಗಾಳಿಗೆ ತೇವ ಕೊಡುವ ಡಬ್ಬಿಗೆ ಬೋರಿನ ನೀರು ಬೇಡ, ಬಿಳಿ ಹರಳು ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ಮಾರನೇ ದಿನ ಚೆಲ್ಲಿ. ಇನ್ನು ಟ್ಯೂಬಿನ ತುದಿಯನ್ನು ಹಗಲು ಮುಚ್ಚಿಡಿ. ಯಾಕೆ ಅಂದರೆ ಇರುವೆ. ನನಗೆ ಆಗಿದೆ. ಅದಕ್ಕಿಂತ ಜಾಸ್ತಿ ಹೇಳಲ್ಲ, ಊಟ ಇದೆ.

ಎಷ್ಟು ಹೊತ್ತು ಹಾಕಬೇಕು? ರಾತ್ರಿಗೆ ಕಡಿಮೆ ಅಂದರೂ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿ ಅನ್ನುವುದು ಲೆಕ್ಕಕ್ಕೆ ಇಟ್ಟುಕೊಂಡ ಗೆರೆ. ಗುರಿ ಮಾತ್ರ ನಿದ್ದೆ ಮಾಡುವಷ್ಟೂ ಹೊತ್ತು. ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಸಿಪ್ಯಾಪ್ ಹಾಕಿದರೆ ಹಾರ್ಟ್ ಅಟ್ಯಾಕೇ ಆಗಲ್ಲ ಅಂತ ಮಾರುವವರಿದ್ದಾರೆ. 2016ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಭಾರತವೂ ಸೇರಿ ಏಳು ದೇಶಗಳ 2,717 ಜನ, ಎಲ್ಲರಿಗೂ ಮೊದಲೇ ಹೃದಯದ ಅಥವಾ ಪಾರ್ಶ್ವವಾಯುವಿನ ತೊಂದರೆ ಇತ್ತು. ಅರ್ಧ ಜನಕ್ಕೆ ಸಿಪ್ಯಾಪ್ ಕೊಟ್ಟರು. ಹೊಸ ಅಟ್ಯಾಕುಗಳು ಕಡಿಮೆ ಆಗಲಿಲ್ಲ. ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು, ಕೆಲಸಕ್ಕೆ ರಜೆ ಹಾಕುವುದು ಕಡಿಮೆಯಾಯಿತು. ಅವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಹಾಕಿದ್ದರು ಅನ್ನುವುದನ್ನೂ ನೆನಪಿಡಿ. ಪೂರ್ತಿ ಹಾಕಿದ್ದರೆ ಏನಾಗುತ್ತಿತ್ತು ಅನ್ನುವ ವಾದ ಇನ್ನೂ ನಡೆಯುತ್ತಿದೆ. ನನ್ನ ಮಟ್ಟಿಗೆ, ರೈಲ್ವೆ ಗೇಟಿನಲ್ಲಿ ನಿದ್ದೆ ಹೋಗದಿರುವುದೇ ಸಾಕಷ್ಟು ದೊಡ್ಡ ಲಾಭ.

ಮೆಷಿನ್ ಒಂದೇ ದಾರಿ ಅಂತ ಅಲ್ಲ. ತೂಕ ಇಳಿಸುವುದು ಎಲ್ಲಕ್ಕೂ ಬುಡ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿ 2000ದಲ್ಲಿ ಹೇಳಿದ್ದು: ತೂಕ ಶೇಕಡಾ 10 ಇಳಿದರೆ ಎಎಚ್‌ಐ ಸುಮಾರು ಶೇಕಡಾ 26 ಇಳಿಯುತ್ತದೆ. ಏರಿದರೆ ಅದಕ್ಕಿಂತ ಜಾಸ್ತಿ ಏರುತ್ತದೆ. ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆ, ಟಿರ್ಜೆಪಟೈಡ್. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಈ ಕಾಯಿಲೆಗೆ ಅಂತಲೇ ಒಪ್ಪಿಗೆ ಪಡೆದ ಮೊದಲ ಔಷಧಿ. ಮರು ವರ್ಷ ನಮ್ಮ ದೇಶಕ್ಕೂ ಶುಗರ್ ಮತ್ತು ಬೊಜ್ಜಿನ ಔಷಧಿಯಾಗಿ ಬಂತು. ಬೆಲೆ ಇದೆ, ವಾಂತಿ ಭೇದಿಯಂಥ ತೊಂದರೆ ಇದೆ, ಬಿಟ್ಟರೆ ತೂಕ ವಾಪಸ್ ಬರುವುದಿದೆ. ಡಾಕ್ಟರ ನಿಗಾದಲ್ಲೇ ಆಗಬೇಕು.

ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಬನಿಯನ್ ಬೆನ್ನಿಗೆ ಜೇಬು ಹೊಲಿಸಿ ಟೆನಿಸ್ ಬಾಲ್ ಇಡಿ. ಹೊರಳಿದರೆ ಚುಚ್ಚುತ್ತದೆ, ಮಗ್ಗುಲಿಗೆ ತಿರುಗುತ್ತೀರಿ. ಅಲ್ಪ, ಮಧ್ಯಮ ಇದ್ದವರಿಗೆ ಕೆಳದವಡೆಯನ್ನು ಮುಂದೆ ಹಿಡಿಯುವ ಹಲ್ಲಿನ ಸಾಧನ ಇದೆ, ಅದನ್ನು ತಿಳಿದ ದಂತ ವೈದ್ಯರು ಅಳತೆ ತೆಗೆದು ಮಾಡಬೇಕು. ಆಪರೇಷನ್ ಎಲ್ಲರಿಗೂ ಅಲ್ಲ. ಮಕ್ಕಳ ವಿಷಯ ಬೇರೆ. ಅವರಲ್ಲಿ ಸಾಮಾನ್ಯವಾಗಿ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿರುತ್ತದೆ, ತೆಗೆದರೆ ಬಹಳ ಮಕ್ಕಳು ಸರಿಹೋಗುತ್ತಾರೆ. ಗೊರಕೆ ಹೊಡೆಯುವ ಮೊಮ್ಮಗನನ್ನು ನೋಡಿ 'ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತೆ ಮಗು' ಅನ್ನಬೇಡಿ. ಇನ್ನು ಎರಡು ಪೆಗ್ಗು, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನಿದ್ದೆ ಮಾತ್ರೆ, ಎರಡೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಮಲಗುವ ಹೊತ್ತಿಗೆ ಖಂಡಿತ ಬೇಡ.

ಪ್ರಶ್ನೆಗಳಿವೆಯಾ? ಹೇಳಿ ಯಜಮಾನರೇ.

'ಪ್ರಾಣಾಯಾಮದಿಂದ ಹೋಗಲ್ವಾ ಡಾಕ್ಟ್ರೇ?' ಈ ಪ್ರಶ್ನೆ ಬರದಿದ್ದರೆ ನಾನು ಯಾವ ಊರಲ್ಲಿದ್ದೇನೆ ಅಂತ ಅನುಮಾನ ಬರುತ್ತಿತ್ತು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರೆ ಉಪಯೋಗ ಇದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಅನ್ನುವ ಉದ್ದ ಕೊಳವೆ ವಾದ್ಯ ಊದಿದವರಲ್ಲಿ ಕಾಯಿಲೆ ಕಡಿಮೆಯಾಗಿದ್ದನ್ನು 2006ರಲ್ಲಿ ಸ್ವಿಟ್ಜರ್‌ಲ್ಯಾಂಡಿನವರು ತೋರಿಸಿದರು. ಜೈಪುರದ ವೈದ್ಯರು ಶಂಖ ಊದಿಸಿ ನೋಡಿ 2025ರಲ್ಲಿ ಪ್ರಕಟಿಸಿದ್ದಾರೆ. ಆರು ತಿಂಗಳು ಊದಿದವರಿಗೆ ಹಗಲು ತೂಕಡಿಕೆ ಕಡಿಮೆಯಾಗಿ, ಗಂಟೆಗೆ ನಾಲ್ಕೈದು ಆಪ್ನಿಯಾ ಇಳಿದಿತ್ತು. ಒಟ್ಟು 30 ಜನರ ಚಿಕ್ಕ ಅಧ್ಯಯನ, ಮಧ್ಯಮ ಕಾಯಿಲೆಯವರು. ನಿಮ್ಮದು 18 ಇದ್ದರೆ ನಾಲ್ಕೈದು ಇಳಿಯುವುದು ದೊಡ್ಡದೇ. ನನ್ನ ಹಾಗೆ 42 ಇದ್ದರೆ ಶಂಖವನ್ನೂ ಊದಿ, ಮಾಸ್ಕನ್ನೂ ಹಾಕಿ.

'ಜೀವನ ಪೂರ್ತಿ ಹಾಕಬೇಕಾ?' ತೂಕ ಚೆನ್ನಾಗಿ ಇಳಿದರೆ ಮತ್ತೆ ಟೆಸ್ಟ್ ಮಾಡಿ ಬಿಡಿಸಿದ್ದೂ ಇದೆ. ಹೆಚ್ಚಿನವರು ಹಾಕುತ್ತಲೇ ಇರಬೇಕು. ಇದು ಕಾಯಿಲೆಯನ್ನು ಕೀಳುವ ಔಷಧಿಯಲ್ಲ. ಹಾಕಿದ ರಾತ್ರಿ ಕೆಲಸ ಮಾಡುತ್ತದೆ, ಬಿಟ್ಟ ರಾತ್ರಿ ಇಲ್ಲ.

'ರೈಲಲ್ಲಿ ಕಾಶಿಗೆ ಹೋಗುವವರಿದ್ದೇವೆ, ಮೆಷಿನ್ ತಗೊಂಡು ಹೋಗಬಹುದಾ?' ತಗೊಂಡು ಹೋಗಿ. ಆದರೆ ಹಲವು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಗಿನ 5ರ ತನಕ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡುತ್ತಾರೆ. ಬ್ಯಾಟರಿ ಇಲ್ಲದಿದ್ದರೆ ಆ ರಾತ್ರಿ ಮಗ್ಗುಲಾಗಿ, ದಿಂಬು ಎತ್ತರ ಮಾಡಿ ಮಲಗಿ. ಮೇಲಿನ ಬರ್ತಿನವರಿಗೆ ಮೊದಲೇ ಕ್ಷಮೆ ಕೇಳಿಬಿಡಿ.

ಹಿಂದಿನ ಸಾಲಿನ ಅಮ್ಮ, ಕೈ ಎತ್ತಿದ್ದೀರಿ. 'ನಮ್ಮ ಯಜಮಾನರು ಹಾಕ್ಕೋತಾರೆ. ಊರಲ್ಲಿ ಕರೆಂಟು ಮಧ್ಯರಾತ್ರಿ ಹೋಗುತ್ತೆ. ಮಾಸ್ಕು ಮುಖದ ಮೇಲಿರುವಾಗ ನಿಂತರೆ ಉಸಿರು ಕಟ್ಟಲ್ವಾ? ನಾನು ಆ ಭಯಕ್ಕೇ ಎದ್ದು ಕೂತಿರ್ತೀನಿ.'

ಕಟ್ಟಲ್ಲ ಅಮ್ಮ. ಮಾಸ್ಕಿನಲ್ಲಿ ಸಣ್ಣ ತೂತುಗಳಿವೆ, ಇಲ್ಲಿ, ಬೆಳಕಿಗೆ ಹಿಡಿದರೆ ಕಾಣುತ್ತೆ. ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕಿನಲ್ಲಿ ಗಾಳಿ ನಿಂತ ಕೂಡಲೇ ತಾನೇ ತೆರೆಯುವ ಒಂದು ರೆಕ್ಕೆ ಇರುತ್ತೆ. ಆದರೂ ಕರೆಂಟು ಹೋದರೆ ಮಾಸ್ಕು ತೆಗೆದುಬಿಡಬೇಕು. ಅವರಿಗೇ ಇರುಸುಮುರುಸಾಗಿ ಎಚ್ಚರ ಆಗುತ್ತೆ. ಮನೆಯಲ್ಲಿ ಇನ್ವರ್ಟರ್ ಇದೆಯಾ? ಇದೆ. ಹಾಗಾದರೆ ಮೆಷಿನ್ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಕರೆಂಟು ಜಾಸ್ತಿ ಹೋಗುವ ದಿನ ಮೆಷಿನ್ನಿನ ತೇವದ ಡಬ್ಬಿಯ ನೀರು ಬಿಸಿ ಮಾಡುವ ಹೀಟರನ್ನು ಆಫ್ ಮಾಡಿಡಿ, ಬ್ಯಾಟರಿ ತಿನ್ನುವುದು ಅದೇ. ಬರೀ ಗಾಳಿ ಊದಲು ಒಂದು ಫ್ಯಾನಿನಷ್ಟೂ ಬೇಕಾಗಲ್ಲ. ಊಟ ಆದ ಮೇಲೆ ಯಜಮಾನರನ್ನು ಕರೆದುಕೊಂಡು ಬನ್ನಿ, ಆ ಹೀಟರ್ ಬಟನ್ ಎಲ್ಲಿದೆ ಅಂತ ತೋರಿಸಿಕೊಡುತ್ತೇನೆ.